ಡಿಶ್ಶಿಗೆ ತಕ್ಕ ಮೋಟಾರು, ಅಕ್ಕನ ಮನೆಯ ಮಾತು

ನಮ್ಮ ಮನೆಯ ಕಣದಲ್ಲಿ ಕಾಫಿ ಹರವಿದಾಗ ಮೂಲೆಯ ಒಂದು ಪಾಲು ಮಾತ್ರ ಉಳಿದದ್ದಕ್ಕಿಂತ ತಡವಾಗಿ ಒಣಗುತ್ತದೆ. ಅಷ್ಟು ಜಾಗದ ಬಿಸಿಲನ್ನು ದಿನವಿಡೀ ಸೋಸಿ ಸೋಸಿ ಕೊಡುವುದು ಯಾವ ಮರವೂ ಅಲ್ಲ. ಕಬ್ಬಿಣದ ಕಂಬದ ಮೇಲೆ ಆಕಾಶಕ್ಕೆ ಬಾಯಿ ತೆರೆದು ಕೂತ ಎಂಟಡಿ ಅಗಲದ ಜಾಲರಿ ಡಿಶ್. ಸುಂಟಿಕೊಪ್ಪದಲ್ಲಿ ಕೇಬಲ್ ನಡೆಸುತ್ತಿದ್ದವರೊಬ್ಬರು ಆ ಕೆಲಸ ಬಿಟ್ಟಾಗ ಅದನ್ನು ಗುಜರಿಗೆ ಹಾಕಲು ಮನಸ್ಸಾಗದೆ, "ಟೀಚರೇ, ನಿಮ್ಮ ಪ್ರಯೋಗಕ್ಕೆ ಬೇಕಾದ್ರೆ ಇಟ್ಕೊಳ್ಳಿ" ಎಂದು ನನಗೆ ಕೊಟ್ಟರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನ ಯಜಮಾನರು ಕಾಫಿ ಬೆಳೆಯುವವರು. ಹಾಗಾಗಿ ಆ ಡಿಶ್ ಕಣಕ್ಕೆ ಬಂದ ದಿನದಿಂದ ಅದು ನನಗೆ ಕಿವಿ, ಅವರಿಗೆ ಅಡ್ಡಿ.

ಆಕಾಶದಲ್ಲಿ ಉಪಗ್ರಹಗಳು ಒಂದೇ ಕಡೆ ಗುಂಪುಗೂಡಿ ನಿಂತಿಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ. ತೋರಣದ ಎಲೆಗಳ ಹಾಗೆ ಅವು ಪೂರ್ವದಿಂದ ಪಶ್ಚಿಮಕ್ಕೆ ಸಾಲಾಗಿ ತೂಗಿಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಬೇಕೆಂದರೆ ಡಿಶ್ ಮುಖ ತಿರುಗಿಸಬೇಕು. ಮೊದಮೊದಲು ಈ ತಿರುಗಿಸುವ ಕೆಲಸ ಇವರದು, ಒಳಗೆ ಟಿವಿಯ ಮುಂದೆ ಕೂತು ಕಿಟಕಿಯಿಂದ ಕೂಗುವ ಕೆಲಸ ನನ್ನದು.

"ಸಾಕಾ?"

"ಇನ್ನೊಂದು ಬೆರಳಷ್ಟು."

"ಯಾರ ಬೆರಳು, ನಂದಾ ನಿಂದಾ?"

"ನನ್ನದು. ಅಯ್ಯೋ, ದಾಟಿ ಹೋಯ್ತು, ಹಿಂದೆ ಬನ್ನಿ."

"ನಾಳೆಯಿಂದ ನೀನೇ ತಳ್ಳು, ನಾನು ಕೂಗ್ತೇನೆ."

ಹೀಗೆ ಜಗಳವಾಡುತ್ತ ನಾವು ಎಷ್ಟೋ ದೇಶಗಳನ್ನು ನೋಡಿದೆವು. ಅರ್ಥವಾಗದ ಭಾಷೆಯಲ್ಲಿ ಅಡುಗೆ ಮಾಡುವವರನ್ನು, ಮರುಭೂಮಿಯಲ್ಲಿ ನಡೆಯುವ ಒಂಟೆಯ ಓಟವನ್ನು ಕಂಡೆವು. ಆದರೆ ನನಗೆ ಹುಚ್ಚು ಹಿಡಿಸಿದ್ದು ಇವು ಯಾವುವೂ ಅಲ್ಲ. ಸುದ್ದಿಯವರ ವ್ಯಾನುಗಳು ಊರೂರಿನಿಂದ ತಮ್ಮ ಸ್ಟುಡಿಯೋಗೆ ಉಪಗ್ರಹದ ಮೂಲಕ ಕಳಿಸುವ ಹಸಿ ಚಿತ್ರಗಳಿರುತ್ತವೆ. ಕೆಲವಕ್ಕೆ ಬೀಗವೇ ಇರುವುದಿಲ್ಲ. ಡಿಶ್ ಸರಿಯಾದ ಕಡೆಗೆ ತಿರುಗಿದ್ದರೆ ಯಾರ ಮನೆಗೂ ಬಂದು ಬೀಳುತ್ತವೆ. ಕಾರ್ಯಕ್ರಮ ಶುರುವಾಗುವ ಮೊದಲಿನ ಆ ಕಾಯುವ ಹೊತ್ತು ನನಗೆ ಬಹಳ ಇಷ್ಟವಾಗಿತ್ತು. ಗಂಭೀರ ಮುಖದ ವರದಿಗಾರರು ಅಲ್ಲಿ ತಲೆ ಬಾಚಿಕೊಳ್ಳುತ್ತಾರೆ, ಆಕಳಿಸುತ್ತಾರೆ, ತಾಯಿಗೆ ಫೋನು ಮಾಡಿ ಊಟ ಆಯಿತೆಂದು ಸುಳ್ಳು ಹೇಳುತ್ತಾರೆ. ಜಗತ್ತು ಸೆರಗು ಸರಿಮಾಡಿಕೊಳ್ಳುವ ಮುಂಚಿನ ಗಳಿಗೆ ಅದು. ಅದನ್ನು ನೋಡುವುದು ತಪ್ಪೇ ಎಂಬ ಪ್ರಶ್ನೆ ನನಗೆ ಬರಲಿಲ್ಲ. ಅವರೆಲ್ಲ ಅಪರಿಚಿತರು, ಅಪರಿಚಿತರ ಆಕಳಿಕೆಯಿಂದ ಯಾರಿಗೇನು ನಷ್ಟ?

ಮಳೆಗಾಲ ಹಿಂದೆ ಸರಿದು, ಕಾಫಿ ಇನ್ನೂ ಹಣ್ಣಾಗುವ ಮೊದಲಿನ ದಿನಗಳಲ್ಲಿ ಅಕ್ಕನ ಫೋನು ಬಂತು. ದೇವಕಿ ನನಗೆ ಒಬ್ಬಳೇ ಅಕ್ಕ. ಹುದಿಕೇರಿಯ ಹತ್ತಿರ ಅವಳ ಮನೆ, ಕಾಫಿ ತೋಟ. ತೋಟದ ತುಂಬ ಅವಳೂ ಭಾವನೂ ಸೇರಿ ಸಾಕಿದ ಜೇನುಪೆಟ್ಟಿಗೆಗಳು. ಭಾವ ಎಂದರೆ ನಮ್ಮ ಬಂಧುಬಳಗದಲ್ಲೆಲ್ಲ ಮಾತಿಗೆ ಹೆಸರಾದವರು. ನಾವು ಹೋದರೆ ಅಂಗಳದಿಂದಲೇ, "ದೇವಕಿ, ಯಾರು ಬಂದರು ನೋಡು, ಅಕ್ಕಿರೊಟ್ಟಿಗೆ ಇಡು" ಎಂದು ಕೂಗುತ್ತಿದ್ದರು. ಗಂಡಹೆಂಡಿರೆಂದರೆ ಹೀಗಿರಬೇಕು ಎಂದು ಮದುವೆಯಾಗುವ ಹುಡುಗಿಯರಿಗೆ ತೋರಿಸುವ ಜೋಡಿ ಅವರದು.

"ಟಿವಿಯವರು ಬರ್ತಾರಂತೆ ಪಾರು," ಎಂದಳು ಅಕ್ಕ. "ಕೃಷಿ ಮಾಡುವ ದಂಪತಿ ಅಂತ ಏನೋ ಕಾರ್ಯಕ್ರಮ. ಭಾನುವಾರ ಬೆಳಗ್ಗೆ, ನೇರ ಪ್ರಸಾರವಂತೆ. ಇಲ್ಲಿ ಮೊಬೈಲು ಸಿಗ್ನಲ್ ನಂಬುವ ಹಾಗಿಲ್ಲಲ್ಲ, ಅದಕ್ಕೆ ತಲೆ ಮೇಲೆ ಕೊಡೆ ಇರುವ ವ್ಯಾನು ತರ್ತಾರಂತೆ."

ಕೊಡೆ ಇರುವ ವ್ಯಾನು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಆ ವಾಹಿನಿಯ ವ್ಯಾನುಗಳು ಯಾವ ಉಪಗ್ರಹಕ್ಕೆ ಕಳಿಸುತ್ತವೆಂದು ನನಗೆ ಗೊತ್ತಿತ್ತು. ಊರೆಲ್ಲ ನೋಡುವ ಮೊದಲೇ, ನೇರ ವ್ಯಾನಿನಿಂದ, ನಮ್ಮ ಮನೆಯ ಹಾಲಿನಲ್ಲಿ ಅಕ್ಕನನ್ನು ನೋಡಬೇಕು. ಅವಳು ಸೀರೆಯ ನಿರಿಗೆ ಸರಿಮಾಡಿಕೊಳ್ಳುವುದನ್ನು ಕದ್ದು ನೋಡಿ, ಆಮೇಲೆ ಹೇಳಿ ನಗಿಸಬೇಕು. ತೊಂದರೆ ಏನೆಂದರೆ ಆ ಉಪಗ್ರಹ ಪೂರ್ವಕ್ಕೆ ವಾಲಿದ ಒಂದು ತುದಿಯಲ್ಲಿತ್ತು. ಅಷ್ಟು ಹೊತ್ತಿಗೆ ಇವರ ಸೊಂಟ ಹಿಡಿದುಕೊಂಡು, ಕೈಯಿಂದ ತಳ್ಳುವುದು ನಿಂತು, ಯಾರೋ ಕೊಟ್ಟ ಹಳೆಯ ಮೋಟಾರೊಂದನ್ನು ಡಿಶ್ಶಿನ ಬೆನ್ನಿಗೆ ಕಟ್ಟಿದ್ದೆ. ಅದು ಚಿಕ್ಕ ಡಿಶ್‌ಗಳಿಗೆ ಮಾಡಿದ್ದು. ನೆತ್ತಿಯ ಹತ್ತಿರ ಹೇಗೋ ತಿರುಗಿಸುತ್ತಿತ್ತು. ತುದಿಗೆ ಬಂದಾಗ ನರಳಿ ನಿಂತುಬಿಡುತ್ತಿತ್ತು. ಗಾಳಿ ಎದ್ದರಂತೂ ಡಿಶ್ಶೇ ಮೋಟಾರನ್ನು ತಿರುಗಿಸುತ್ತಿತ್ತು.

ತಕ್ಕ ಮೋಟಾರು ಹುಡುಕಿಕೊಂಡು ಒಂದು ಶನಿವಾರ ಮೈಸೂರಿಗೆ ಹೋದೆವು. ಹಳೆಯ ಟಿವಿ ಸಾಮಾನುಗಳ ಅಂಗಡಿಯವರು ಎರಡನ್ನು ಮೇಜಿನ ಮೇಲಿಟ್ಟರು. ಎರಡೂ ನೋಡಲು ಸೈಕಲ್ ಪಂಪಿನ ಹಾಗೆ. ಕರೆಂಟು ಕೊಟ್ಟರೆ ಒಳಗಿನ ಸರಳು ಹೊರಚಾಚಿ ಡಿಶ್ಶನ್ನು ದೂಡುತ್ತದೆ, ತಿರುಗಿ ಎಳೆದುಕೊಳ್ಳುತ್ತದೆ. ಒಂದು ಬೆಳ್ಳಗೆ, ಹಗುರ, ಸರಸರನೆ ಓಡುವಂಥದು. ಇನ್ನೊಂದು ದಪ್ಪ, ಉದ್ದ, ಎಮ್ಮೆಯ ನಡಿಗೆ.

"ಡಿಶ್ ಎಷ್ಟು ಭಾರ ಮೇಡಂ?" ಎಂದು ಅವರು ಕೇಳಿದರು.

ಭಾರ ಅಷ್ಟು ಮುಖ್ಯವಲ್ಲ ಎಂದು ನಾನು ಪಾಠ ಶುರುಮಾಡಿದೆ. ಡಿಶ್ಶನ್ನು ಕಂಬ ಹೊತ್ತಿರುತ್ತದೆ, ಮೋಟಾರು ಹೊರುವುದಿಲ್ಲ; ಮೋಟಾರು ಗೆಲ್ಲಬೇಕಾದದ್ದು ಕೀಲಿನ ಬಿಗಿಯನ್ನು, ವಾಲಿದಾಗಿನ ಎಳೆತವನ್ನು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿಯನ್ನು. ಆತ ಸಹನೆಯಿಂದ ಕೇಳಿಸಿಕೊಂಡು ದಪ್ಪನೆಯದನ್ನು ನನ್ನ ಕಡೆಗೆ ಸರಿಸಿದರು.

"ಹಾಗಾದ್ರೆ ಇದೇ. ಆದ್ರೆ ಸ್ಲೋ ಇದೆ, ಮೊದ್ಲೇ ಹೇಳ್ತೀನಿ. ಹಿಡಿದ್ರೆ ಬಿಡಲ್ಲ. ಬಟನ್ ಒತ್ತಿದ ತಕ್ಷಣ ಆ ಕಡೆ ಈ ಕಡೆ ಓಡಬೇಕು ಅಂದ್ರೆ ಆಗಲ್ಲ."

"ನಮ್ಮ ಮನೆಗೆ ಸರಿಹೋಗ್ತದೆ," ಎಂದರು ಇವರು. "ಅವಸರ ಮಾಡಲಿಕ್ಕೆ ಟೀಚರು ಇದ್ದಾರಲ್ಲ."

ನಾನು ನಕ್ಕೆ. ಹಲ್ಲುಚಕ್ರಗಳ ಲೆಕ್ಕವೇ ಹಾಗೆ: ಬಲ ಬೇಕೆಂದರೆ ವೇಗ ಬಿಡಬೇಕು. ಮಕ್ಕಳಿಗೆ ವರ್ಷ ವರ್ಷ ಹೇಳುವ ಮಾತು. ಅದನ್ನೇ ತಂದು ಕಟ್ಟಿದೆವು. ಅಂದು ಸಂಜೆಯ ಗಾಳಿಯಲ್ಲಿ ಡಿಶ್ ಮೆಲ್ಲಗೆ, ಸದ್ದಿಲ್ಲದೆ, ಗರ್ವದ ಹೆಂಗಸು ಕತ್ತು ಹೊರಳಿಸುವ ಹಾಗೆ ಪೂರ್ವದ ತುದಿಯವರೆಗೂ ತಿರುಗಿತು. ಇವರು ಕಣದಲ್ಲಿ ನಿಂತು ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಭಾನುವಾರ ಬೆಳಗ್ಗೆ ತಿಂಡಿ ತಟ್ಟೆ ಹಿಡಿದೇ ಟಿವಿಯ ಮುಂದೆ ಕೂತೆವು. ಡಿಶ್ ತಿರುಗಿ ನಿಂತಿತು. ಒಂದೆರಡು ಕಡೆ ಹುಡುಕಿದ ಮೇಲೆ ಪರದೆಯ ಮೇಲೆ ಅಕ್ಕನ ಮನೆಯ ಅಂಗಳ ಮೂಡಿತು. ನಿಮಗೆ ಹೇಗೆ ಹೇಳಲಿ, ಆ ಸಂತೋಷ ಮಗುವಿನದು. ಮುಂದೆ ಎರಡು ಕುರ್ಚಿ, ಹಿಂದೆ ಜೇನುಪೆಟ್ಟಿಗೆಗಳ ಸಾಲು. ಭಾವ ವರದಿಗಾರ್ತಿಯನ್ನು ಕರೆದುಕೊಂಡು ಪೆಟ್ಟಿಗೆಗಳ ಕಡೆಗೆ ಹೋಗುತ್ತ, "ದೇವಕಿ, ನೀನು ಕೂತಿರು, ಬಂದೆವು" ಎಂದು ಕೂಗಿದರು. ಅಕ್ಕ ಹಸಿರು ಸೀರೆಯುಟ್ಟು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದ್ದರು. ಪಕ್ಕದ ತೋಟದ ಸೀತಕ್ಕ ಅವಳ ತಲೆಗೆ ಹೂ ಮುಡಿಸುತ್ತಿದ್ದರು. ಕ್ಯಾಮರಾದವರು ಬೆಂಗಳೂರಿನ ಕಡೆಯವರು, ತಮ್ಮ ತಂತಿಗಳಲ್ಲಿ ಮುಳುಗಿದ್ದರು. ಅಕ್ಕ, ಸೀತಕ್ಕ ಇಬ್ಬರೂ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದರು. ಅಲ್ಲಿದ್ದ ಬೇರೆ ಯಾರಿಗೂ ಅದು ಅರ್ಥವಾಗುವ ಹಾಗಿರಲಿಲ್ಲ. ನಿಮಗೆ ತಿಳಿಯಲೆಂದು ನಾನು ಕನ್ನಡಕ್ಕೆ ಹತ್ತಿರ ತಂದು ಬರೆಯುತ್ತಿದ್ದೇನೆ; ನಮ್ಮ 'ಉಟ್ಟು' ಎಂದರೆ ನಿಮ್ಮ 'ಉಂಟು'.

"ಈಗ ನನ್ನ ಹೆಸರು ಹಿಡಿದು ಕರೆದ್ರಲ್ಲ, ಕೇಳಿತಾ ಸೀತಕ್ಕ?" ಎಂದಳು ಅಕ್ಕ.

"ಕೇಳಿತು. ಅದರಲ್ಲಿ ಎಂತ ಉಟ್ಟು?"

"ಇವರೆಲ್ಲ ಬಂದದ್ದಕ್ಕೆ ಕರೆದದ್ದು. ಇವರು ಹೋದ ಮೇಲೆ ಇಲ್ಲೆ. ಯಾರಾದ್ರೂ ಇದ್ದರೆ ಮಾತ್ರ ನನ್ನ ಹತ್ರ ಮಾತು. ಮಗಳ ಮದುವೆ ಆದಂದಿನಿಂದ ಹೀಗೇ. ಊಟಕ್ಕೆ ಬಂದು ಕೂರ್ತಾರೆ, ಉಂಡು ಏಳ್ತಾರೆ. ಒಂದು ಶಬ್ದ ಇಲ್ಲೆ."

ನನ್ನ ಕೈಯಲ್ಲಿದ್ದ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಇವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಸೀತಕ್ಕ ಹೂವಿನ ಎಸಳು ಕೊಡವುತ್ತ ಏನೋ ಸಮಾಧಾನ ಹೇಳಿದರು. ಅಕ್ಕ ತಲೆಯಾಡಿಸಿದಳು.

"ಈ ಸಲದ ಕಾಫಿ ಕುಯ್ಲು ಮುಗಿಯಲಿ. ಮತ್ತೆ ನಾನು ಈ ಮನೆಯಲ್ಲಿ ಇರುದಿಲ್ಲೆ."

ಕರೆಂಟು ಹೊಡೆದವರ ಕೈ ತಂತಿಯನ್ನು ಬಿಟ್ಟು ಸಿಡಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಎಷ್ಟೋ ಸಲ ಹಾಗಲ್ಲ. ಬೆರಳುಗಳು ತಾವಾಗಿಯೇ ಮಡಚಿ ತಂತಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನನಗೂ ಹಾಗೆಯೇ ಆಯಿತು. ಕಣ್ಣು ಕಿವಿ ಎರಡೂ ಆ ಪರದೆಯನ್ನು ಕಚ್ಚಿಕೊಂಡವು. ಕಡೆಗೂ ಹೊಳೆದದ್ದು ಒಂದೇ: ಅವಳಿಗೆ ಮೈಕು ಚಾಲೂ ಇದೆಯೆಂದು ಹೇಳಬೇಕು. ಫೋನೆತ್ತಿ ಕರೆ ಮಾಡಿದೆ. ಗಳಿಗೆ ತಡವಾಗಿ, ಪರದೆಯೊಳಗೆ ಅಕ್ಕನ ಮಡಿಲಲ್ಲಿ ಫೋನು ಹಾಡಿತು. ಯಾರೋ ಆಚೆಯಿಂದ, "ಅಮ್ಮಾ, ಫೋನ್ ಆಫ್ ಮಾಡ್ಬಿಡಿ" ಎಂದರು. ಅಕ್ಕ ಅದನ್ನು ದೂರ ಹಿಡಿದು ಹೆಸರು ಓದಿದಳು, ನನ್ನ ಕರೆಯನ್ನು ನನ್ನ ಕಣ್ಣೆದುರೇ ಕತ್ತರಿಸಿದಳು.

"ಪಾರು," ಎಂದಳು ಸೀತಕ್ಕನಿಗೆ. "ಇವಳ ಹತ್ರ ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ. ಇವಳು ಬಂದಾಗೆಲ್ಲ ಅವರು ನಕ್ಕು ನಕ್ಕು ಮಾತಾಡ್ತಾರೆ. ಹೇಳಿದರೆ ಇವಳು ನಂಬುದು ಹೇಗೆ?"

ನನ್ನ ಹೆಬ್ಬೆರಳು ಮೋಟಾರಿನ ಗುಂಡಿಯನ್ನು ಒತ್ತಿತು. ಟಿವಿಯ ರಿಮೋಟು ಇವರ ಹತ್ತಿರ ಇತ್ತು, ಆರಿಸಿ ಎನ್ನಬಹುದಿತ್ತು. ಆ ಮಾತು ತೋಚಲೇ ಇಲ್ಲ. ಟಿವಿ ಆರಿಸಿದರೂ ಅಕ್ಕನ ಮಾತು ನಮ್ಮ ಕಣದಲ್ಲಿ ಬೀಳುತ್ತಲೇ ಇರುತ್ತದೆ, ಆ ಜಾಲರಿ ಅದನ್ನು ಹಿಡಿಯುತ್ತಲೇ ಇರುತ್ತದೆ ಎನಿಸಿರಬೇಕು. ಡಿಶ್ಶಿನ ಮುಖವನ್ನೇ ಆಚೆ ತಿರುಗಿಸಬೇಕಿತ್ತು. ಆದರೆ ನಾನು ಆರಿಸಿ ತಂದದ್ದು ಬಲವಾದ ಮೋಟಾರು, ಅವಸರದ್ದಲ್ಲ. ಅದು ತನ್ನ ಪಾಡಿಗೆ, ಎಮ್ಮೆಯ ನಡಿಗೆಯಲ್ಲಿ, ಹೊರಟಿತು. ಚಿತ್ರ ಹಾಗೆಯೇ ನಿಂತಿತ್ತು. ಅಕ್ಕ ಸೆರಗಿನ ತುದಿಯಿಂದ ಮೂಗಿನ ಪಕ್ಕ ಒರೆಸಿಕೊಂಡಳು, ಮುಖಕ್ಕೆ ಹಚ್ಚಿದ ಪೌಡರು ಕೆಡದ ಹಾಗೆ ಜಾಗರೂಕತೆಯಿಂದ. ಆಮೇಲೆ ಚೌಕ ಚೌಕವಾಗಿ ಅವಳ ಮುಖ ಒಡೆಯಿತು; ಒಡೆದ ಮುಖದಿಂದಲೂ ಒಂದೆರಡು ಶಬ್ದ ಉದುರಿದವು. ಬಳಿಕ ಪರದೆ ಕಪ್ಪಾಯಿತು. ಕಣದ ಮೂಲೆಯಲ್ಲಿ ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು.

ಇವರು ಎದ್ದು ಹೋಗಿ ನೀರು ತಂದುಕೊಟ್ಟರು. ಇಬ್ಬರೂ ಏನೂ ಮಾತಾಡಲಿಲ್ಲ. ಆ ಮೌನಕ್ಕೆ ನನಗೆ ಹೆದರಿಕೆಯಾಗಿ, "ಏನಾದ್ರೂ ಹೇಳಿ" ಎಂದೆ.

"ಕಾರ್ಯಕ್ರಮ ಶುರುವಾಗ್ತದೆ," ಎಂದರು ಮೆಲ್ಲಗೆ. "ನೋಡದೆ ಇದ್ದರೆ ಅವಳು ಕೇಳ್ತಾಳೆ."

ಎಲ್ಲರ ಮನೆಯಲ್ಲಿರುವಂಥ ಇನ್ನೊಂದು ಚಿಕ್ಕ ಡಿಶ್ ನಮ್ಮಲ್ಲೂ ಇದೆ, ಅದರಲ್ಲಿ ನೋಡಿದೆವು. "ನಮ್ಮ ದೇವಕಿ ಇಲ್ಲದಿದ್ದರೆ ಈ ಪೆಟ್ಟಿಗೆಯಲ್ಲಿ ಒಂದು ಹುಳವೂ ಇರ್ತಿರಲಿಲ್ಲ" ಎಂದರು ಭಾವ. ಅಕ್ಕ ತಲೆ ತಗ್ಗಿಸಿ ನಕ್ಕಳು. ವರದಿಗಾರ್ತಿ, ನಿಮ್ಮ ದಾಂಪತ್ಯದ ಗುಟ್ಟೇನು ಎಂದು ಕೇಳಿದಳು. "ಎಲ್ಲಾ ಮಾತಾಡಿಕೊಂಡೇ ಮಾಡ್ತೇವೆ" ಎಂದರು ಭಾವ. ಮುಗಿದ ಕೂಡಲೇ ನೆಂಟರ ಫೋನುಗಳು ಶುರುವಾದವು. ಎಷ್ಟು ಚೆನ್ನಾಗಿ ಮಾತಾಡಿದರು ಭಾವ, ಎಂದು ಎಲ್ಲರೂ. ಹೌದು, ಎಂದೆ ಎಲ್ಲರಿಗೂ.

ನನ್ನನ್ನು ಬೆಚ್ಚಿಬೀಳಿಸಿದ್ದು ಭಾವನ ಮೌನವೊಂದೇ ಅಲ್ಲ. ನಾನು ಆ ಮನೆಗೆ ವರ್ಷಕ್ಕೆ ಎಷ್ಟೋ ಸಲ ಹೋಗುತ್ತಿದ್ದವಳು. ಅಲ್ಲಿ ಉಂಡು, ಮಲಗಿ, ಅಕ್ಕನ ಪಕ್ಕ ಕೂತು ಮೆಣಸು ಬಿಡಿಸಿದವಳು. ಆ ಮನೆಯನ್ನು ನಾನು ಕಂಡದ್ದೆಲ್ಲ ನಾನಿದ್ದಾಗಿನ ಮನೆ. ನಾನಿಲ್ಲದಾಗ ಅದು ಹೇಗಿರುತ್ತದೆಂದು ತಿಳಿಯುವ ದಾರಿ ಯಾವ ನೆಂಟರಿಗೂ ಇಲ್ಲ. ನಾವು ಒಳಗೆ ಕಾಲಿಟ್ಟ ಕೂಡಲೇ ಪ್ರತಿ ಮನೆಯೂ ಸೆರಗು ಸರಿಮಾಡಿಕೊಳ್ಳುತ್ತದೆ. ಅಕ್ಕನ ಮನೆಯಲ್ಲಿ ಮಾತು ಹೊರಡಿಸುತ್ತಿದ್ದದ್ದು ನಾನು. ನನ್ನಿಂದಲೇ ಅವಳ ದೂರಿಗೆ ಸಾಕ್ಷಿ ಇಲ್ಲದಂತಾಗುತ್ತಿತ್ತು.

ಮರುವಾರ ಬಸ್ಸು ಹಿಡಿದು ಒಬ್ಬಳೇ ಹೋದೆ. ಮಡಿಕೇರಿ ದಾಟಿ, ಪೊನ್ನಂಪೇಟೆ ದಾಟಿ ಹೋಗುವಷ್ಟರಲ್ಲಿ ನೂರು ಮಾತು ಜೋಡಿಸಿದ್ದೆ; ಅಂಗಳಕ್ಕೆ ಬಂದಾಗ ಒಂದೂ ಉಳಿಯಲಿಲ್ಲ. "ದೇವಕಿ, ಪಾರ್ವತಿ ಬಂದಳು" ಎಂದು ಭಾವ ಎಂದಿನಂತೆ ಕೂಗಿದರು. ಊಟಕ್ಕೆ ಕೂತಾಗ, "ದೇವಕಿ, ಇವಳಿಗೆ ಇನ್ನಷ್ಟು ಬಡಿಸು" ಎಂದರು. ಆಗ ಗಮನಿಸಿದೆ: ಅಕ್ಕನ ಹೆಸರು ಹೇಳುವಾಗಲೂ ಅವರ ಕಣ್ಣು ನನ್ನ ಮೇಲಿತ್ತು. ಇಷ್ಟು ವರ್ಷವೂ ಅಲ್ಲೇ ಇದ್ದಿರಬೇಕು.

ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಕೂಡಲೇ ಒಳಗೆ ಬರಲಿಲ್ಲ. ಬಚ್ಚಲ ಗೋಡೆಗೆ ಒರಗಿ ನಿಂತು ಕಿವಿಗೊಟ್ಟೆ. ಒಳಗೆ ಇಬ್ಬರು ಇದ್ದರು. ತಟ್ಟೆ ಎತ್ತಿದ ಸದ್ದು, ನೆಲ ಒರೆಸಿದ ಸದ್ದು, ಭಾವ ಎಲೆಅಡಿಕೆಯ ಡಬ್ಬಿ ತೆರೆದ ಸದ್ದು. ಕುರ್ಚಿ ಕಿರುಗುಟ್ಟಿತು. ಮನುಷ್ಯರ ದನಿ ಮಾತ್ರ ಇಲ್ಲ. ನನ್ನ ಚಪ್ಪಲಿಯ ಸದ್ದು ಹೊಸ್ತಿಲಿಗೆ ತಾಗಿದ ಕೂಡಲೇ, "ದೇವಕಿ, ಇವಳಿಗೆ ಕೈ ಒರೆಸಲಿಕ್ಕೆ ಟವೆಲ್ ಕೊಡು" ಎಂಬ ಮಾತು ಹೊರಟಿತು.

ಹೊರಟಾಗ ಅಕ್ಕ ರಸ್ತೆಯವರೆಗೆ ಬಂದಳು. ಮೋರಿಯ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕೂತೆವು.

"ಅಕ್ಕ, ಆ ದಿನ ನಿನ್ನ ಮೈಕು ಚಾಲೂ ಇತ್ತು," ಎಂದೆ. "ನಮ್ಮ ಡಿಶ್ಶಿನಲ್ಲಿ ಬಂತು. ನೀನು ಸೀತಕ್ಕನ ಹತ್ರ ಹೇಳಿದ್ದು ಕೇಳಿದೆ."

ಅವಳ ಮುಖದ ಬಣ್ಣ ಇಳಿಯಿತು. ಎದ್ದು ನಿಂತಳು, ತಿರುಗಿ ಕೂತಳು. ನಾನು ಅವಳ ಕೈ ಹಿಡಿಯಲು ಹೋದೆ, ಕೊಡಲಿಲ್ಲ.

"ಮತ್ತೆ ಯಾರು ಕೇಳಿದ್ದಾರೆ?"

"ಭಾಷೆ ಯಾರಿಗೆ ಗೊತ್ತುಟ್ಟು? ನಾನು, ನಮ್ಮವರು, ಅಷ್ಟೇ."

"ಎಲ್ಲಾ ಕೇಳಿದೆಯಾ?"

"ಇಲ್ಲ. ಕೇಳಬಾರದು ಅಂತ ಡಿಶ್ ತಿರುಗಿಸಿಬಿಟ್ಟೆ."

ಅಕ್ಕ ಬಸ್ಸು ಬರುವ ಕಡೆಗೊಮ್ಮೆ ನೋಡಿದಳು. ಆಮೇಲೆ, "ಪೂರ್ತಿ ಕೇಳಬೇಕಿತ್ತು ಮಾರಾಯ್ತಿ," ಎಂದಳು. "ಈಗ ಮೊದಲಿನಿಂದ ನಾನೇ ಹೇಳಬೇಕಲ್ಲ."

ಹೇಳಿದಳು. ಒಂದು ಬಸ್ಸು ಬಂದು ಹೋಯಿತು, ಅದನ್ನು ಬಿಟ್ಟೆವು. ಹೊಡೆತವಿಲ್ಲ, ಬೈಗುಳವಿಲ್ಲ, ಇನ್ನೊಬ್ಬ ಹೆಂಗಸಿಲ್ಲ. ಮಗಳು ಮನೆಯಲ್ಲಿದ್ದಷ್ಟು ದಿನ, ಅಮ್ಮನಿಗೆ ಹೇಳು, ಅಮ್ಮನನ್ನು ಕೇಳು ಎಂದು ಅವಳ ಮೂಲಕ ಮಾತು ನಡೆಯುತ್ತಿತ್ತು. ಅವಳು ಮದುವೆಯಾಗಿ ಸುಳ್ಯಕ್ಕೆ ಹೋದ ಮೇಲೆ ಒಂದು ದಿನ ಮಾತು ಬೇಕಾಗಲಿಲ್ಲ, ಮಾರನೆಯ ದಿನವೂ ಬೇಕಾಗಲಿಲ್ಲ. ಆಮೇಲೆ ಯಾರು ಮೊದಲು ಶುರುಮಾಡುವುದು ಎಂಬುದೇ ಬೆಳೆದು ಬೆಟ್ಟವಾಯಿತು. ಅಕ್ಕ ಮಾತಾಡಿಸಿ ನೋಡಿದಳು. ಅವರು ಪೇಪರು ಮಡಚಿ ತೋಟಕ್ಕೆ ಹೊರಟರು. "ಜಗಳ ಆಗಿದ್ದರೆ ರಾಜಿ ಮಾಡಿಸಬಹುದಿತ್ತು" ಎಂದಳು ಅಕ್ಕ. "ಏನೂ ಆಗಲಿಲ್ಲ. ಅದೇ ಆದದ್ದು."

ಕುಯ್ಲು ಮುಗಿಯಿತು. ಅಕ್ಕ ತಾನು ಹೇಳಿದಂತೆಯೇ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದಳು. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ. ಬಂದವಳಿಗೆ ನಮ್ಮ ಮನೆ ವಿಚಿತ್ರವಾಗಿ ಕಂಡಿರಬೇಕು. ನಾನು ಮತ್ತು ಇವರು ಉಪ್ಪಿನಿಂದ ಉಪಗ್ರಹದವರೆಗೆ ಎಲ್ಲದಕ್ಕೂ ಕಚ್ಚಾಡುವುದನ್ನು ಅವಳು ಬಾಗಿಲಿಗೆ ಒರಗಿ, ಸಂಗೀತ ಕೇಳುವವರ ಹಾಗೆ ಕೇಳುತ್ತಿದ್ದಳು. ನಾವು ನಾಚಿ ಸುಮ್ಮನಾದರೆ, "ನಿಲ್ಲಿಸಬೇಡಿ" ಎನ್ನುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವ ಬಂದರು. ಇಸ್ತ್ರಿ ಇಲ್ಲದ ಅಂಗಿ. ಸೋಫಾದಲ್ಲಿ ಕೂತು ನಮ್ಮಿಬ್ಬರ ಕಡೆ ನೋಡುತ್ತ, "ದೇವಕಿ, ಜೇನುಪೆಟ್ಟಿಗೆಗೆ ಇರುವೆ ಹತ್ತಿದೆ. ಬಂದು ನೋಡ್ತೀಯಾ ಹೇಗೆ?" ಎಂದರು. ದನಿ ಎಂದಿನಂತೆಯೇ ಸಿಹಿಯಾಗಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. "ಪಾರು, ನೀವಿಬ್ಬರೂ ಸ್ವಲ್ಪ ಹೊರಗೆ ಹೋಗಿ."

"ಯಾಕೆ, ಅವರು ಇರಲಿ," ಎಂದರು ಭಾವ ಗಾಬರಿಯಿಂದ.

"ಅವರು ಹೋಗಲಿ. ಆಮೇಲೆ ಅದೇ ಮಾತು ಇನ್ನೊಮ್ಮೆ ಹೇಳಿ."

ಭಾವನ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ಸಭೆಯ ಮುಂದೆ ತಡವರಿಸುವವರನ್ನು ಕಂಡಿದ್ದೇನೆ. ಸಭೆ ಎದ್ದುಹೋಗುತ್ತದೆ ಎಂದು ನಡುಗಿದವರನ್ನು ಕಂಡದ್ದು ಅಂದೇ. ನಾವು ಹೊರಗೆ ಬಂದೆವು. ಇವರು ಕಿಟಕಿಯ ಹತ್ತಿರ ನಿಧಾನ ಮಾಡಿದರು. ನಾನು ಅವರ ತೋಳು ಹಿಡಿದು, ಒಳಗಿನದೇನೂ ಕೇಳಿಸದಷ್ಟು ದೂರ, ತೋಟದ ಗೇಟಿನವರೆಗೆ ಎಳೆದುಕೊಂಡು ಹೋದೆ. ಅಲ್ಲಿ ನಿಂತೆವು. ಇವರು ಗೇಟಿನ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ ನಿಂತರು. ಮನೆಯ ಬಾಗಿಲು ತೆರೆದೇ ಇತ್ತು. ಯಾರೂ ಹೊರಗೆ ಬರಲಿಲ್ಲ. ಬಿಸಿಲು ಗೇಟಿನ ಈ ಕಡೆಯಿಂದ ಆ ಕಡೆಗೆ ಸರಿಯಿತು.

ಕೊನೆಗೆ ಅಕ್ಕ ಬಾಗಿಲಿಗೆ ಬಂದಳು. ನಾನು ಓಡಿದಂತೆ ಹತ್ತಿರ ಹೋದೆ. ಅವಳ ಕಣ್ಣು ಕೆಂಪಾಗಿತ್ತು, ಆದರೆ ಅಳುತ್ತಿರಲಿಲ್ಲ.

"ಏನಂತೆ?" ಎಂದೆ.

"ಒಂದು ಲೋಟ ಕಾಫಿ ಬೇಕಂತೆ."

"ಯಾರ ಹತ್ರ ಕೇಳಿದರು?"

"ಅಲ್ಲಿ ಇನ್ಯಾರಿದ್ದಾರೆ? ನನ್ನ ಹತ್ರವೇ. ನನ್ನ ಮುಖ ನೋಡಿ."

"ಮಾಡಿಕೊಡ್ತೀಯಾ?"

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಕೂತಳು. "ನೋಡುವಾ," ಎಂದಳು. "ಇನ್ನೊಂದು ಸಲ ಕೇಳಲಿ."